ಪ್ಲಾಸ್ಟಿಕ್ ಸರ್ಜರಿ ಜೊತೆಗೆ ಮುಪ್ಪಿನ ಸಂಶೋಧನೆ: ಎರಡೂ ಒಟ್ಟಿಗೆ ಆಗುತ್ತಾ?

ನಿದ್ದೆಗೆಟ್ಟ ರೆಸಿಡೆಂಟ್:

ಎಲ್ಲರಿಗೂ ನಮಸ್ಕಾರ. ನಾನು ಪ್ಲಾಸ್ಟಿಕ್ ಸರ್ಜರಿ ತರಬೇತಿಯಲ್ಲಿದ್ದೇನೆ. ಸುಟ್ಟ ಗಾಯ, ಸೀಳುತುಟಿ, ಕೈ, ಫ್ಲ್ಯಾಪ್ (ರಕ್ತನಾಳ ಸಮೇತ ಬೇರೆ ಕಡೆ ಕೂರಿಸುವ ಚರ್ಮ, ಮಾಂಸ), ಎಲ್ಲಾ ನೋಡುತ್ತಿದ್ದೇನೆ. ಕೆಲಸ ತುಂಬಾ ಇಷ್ಟ. ಆದರೆ ಈಚೆಗೆ ಒಂದು ವಿಷಯ ತಲೆ ಕೊರೆಯುತ್ತಿದೆ.

ನಮ್ಮ ವಾರ್ಡಿನಲ್ಲಿ ಇಬ್ಬರಿಗೆ ತೊಡೆಯಿಂದ ಚರ್ಮ ತೆಗೆದು ಗ್ರಾಫ್ಟ್ ಹಾಕಿದ್ದೆವು. ಒಬ್ಬ ಇಪ್ಪತ್ತರ ಆಸುಪಾಸಿನ ಹುಡುಗ, ಇನ್ನೊಬ್ಬರು ಎಪ್ಪತ್ತು ದಾಟಿದ ಅಜ್ಜ. ಅದೇ ಡರ್ಮಟೋಮ್ (ಚರ್ಮವನ್ನು ತೆಳುವಾಗಿ ಹೆರೆಯುವ ಸಾಧನ), ಅದೇ ದಪ್ಪ, ಅದೇ ಡ್ರೆಸ್ಸಿಂಗ್. ಹುಡುಗನ ತೊಡೆ ಬೇಗ ಒಣಗಿತು. ಅಜ್ಜನದು ಒಸರುತ್ತಲೇ ಇತ್ತು. ಕೆಲವು ತಿಂಗಳಾದ ಮೇಲೆ ಇಬ್ಬರೂ ತೋರಿಸಿಕೊಳ್ಳೋಕೆ ಬಂದಾಗ ನೋಡಿದರೆ ಉಲ್ಟಾ! ಹುಡುಗನ ಕಲೆ ಕೆಂಪಗೆ, ದಪ್ಪಗೆ ಎದ್ದಿದೆ, ತುರಿಕೆ ಬೇರೆ. ಅಜ್ಜನದು ಚಪ್ಪಟೆ, ಮಾಸಲು. ಹುಡುಕಿದರೆ ಮಾತ್ರ ಕಾಣುತ್ತೆ. ಯಾಕೆ ಹೀಗೆ ಅಂತ ಸೀನಿಯರ್ ಹತ್ತಿರ ಕೇಳಿದೆ. "ವಯಸ್ಸಾದವರಲ್ಲಿ ಹಾಗೇನಪ್ಪಾ" ಅಂದು ಮುಂದಿನ ಬೆಡ್ಡಿಗೆ ಹೋದರು.

ಅವತ್ತಿನಿಂದ ಮುಪ್ಪಿನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಈಗ ಇದನ್ನೇ ವೃತ್ತಿ ಮಾಡಿಕೊಳ್ಳಬಹುದಾ ಅನ್ನೋ ಆಸೆ. ಚಾಕು ಬಿಡೋಕೆ ಮನಸ್ಸಿಲ್ಲ. ಲ್ಯಾಬೂ ಬೇಕು. ಆದರೆ ಯಾರ ಹತ್ತಿರ ಹೇಳಿದರೂ "ಓ, ಬೊಟಾಕ್ಸಾ?" ಅಂತ ನಗುತ್ತಾರೆ. ಈ ದಾರಿಯಲ್ಲಿ ಇರುವವರು ಯಾರಾದರೂ ಇದ್ದೀರಾ? ಪಿಎಚ್‌ಡಿ ಬೇಕೇ ಬೇಕಾ? ಹೊಟ್ಟೆಪಾಡು ಹೇಗೆ?

ಹಳೇ ಕತ್ತರಿ:

ಎರಡು ದೋಣಿ ಮೇಲೆ ಕಾಲಿಡಬೇಡಪ್ಪ. ತರಬೇತಿ ಮುಗಿದ ಮೊದಲ ಐದಾರು ವರ್ಷ ಕೈ ಪಳಗುವ ಕಾಲ. ಆಗ ವಾರಕ್ಕೆ ಮೂರು ದಿನ ಪೆಟ್ರಿ ಡಿಶ್ ಮುಂದೆ ಕೂತರೆ ಮೈಕ್ರೋಸರ್ಜರಿ ಕೈಗೆ ಹತ್ತಲ್ಲ. ನಾನು ಕಂಡ ಹಾಗೆ, ಎರಡೂ ಮಾಡ್ತೀನಿ ಅಂತ ಹೊರಟವರಲ್ಲಿ ಹೆಚ್ಚಿನವರು ಕೊನೆಗೆ ಒಂದನ್ನೇ ಮಾಡುತ್ತಾರೆ. ಅಷ್ಟೇ ನನ್ನ ಮಾತು. ಸಂಶೋಧನೆ ಕೆಟ್ಟದ್ದು ಅಂತ ಹೇಳ್ತಿಲ್ಲ.

ಸೂಜಿದಾರ:

ನಾನು ಈ ಎರಡು ದೋಣಿಯ ಮೇಲೇ ವರ್ಷಗಳಿಂದ ನಿಂತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಕತ್ತರಿ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ಉಳಿದ ಅರ್ಧದ ಜೊತೆ ನನ್ನ ಜಗಳ ಇದೆ.

ಮೊದಲು ನಿಮ್ಮ ಅಜ್ಜನ ತೊಡೆಗೆ ಬರೋಣ. ಒಳ್ಳೆಯ ಪ್ರಶ್ನೆ ನಿಮ್ಮ ಕೈಗೆ ತಾನಾಗೇ ಬಂದು ಬಿದ್ದಿದೆ. ಮುಪ್ಪು ಅಂದಕೂಡಲೇ ಜನ ಸುಕ್ಕು ನೋಡುತ್ತಾರೆ. ನನಗೆ ಸುಕ್ಕಿನಲ್ಲಿ ಅಷ್ಟು ಆಸಕ್ತಿ ಇಲ್ಲ. ಗಾಯ ಹೇಗೆ ಮುಚ್ಚುತ್ತೆ ಅನ್ನೋದರಲ್ಲಿ ಇದೆ. ಗರ್ಭದಲ್ಲಿರುವ ಶಿಶುವಿನ ಚರ್ಮಕ್ಕೆ ಮೊದಲ ತಿಂಗಳುಗಳಲ್ಲಿ ಗಾಯವಾದರೆ ಕಲೆಯೇ ಉಳಿಯಲ್ಲ. ಹರೆಯದಲ್ಲಿ ಕಲೆ ಅತಿ ಜೋರು. ಮುಪ್ಪಿನಲ್ಲಿ ಮುಚ್ಚೋದು ನಿಧಾನ, ಆದರೆ ಕಲೆ ಮತ್ತೆ ನಯ. ಒಂದೇ ಚರ್ಮ, ಮೂರು ವಯಸ್ಸು, ಮೂರು ಥರ. ವಯಸ್ಸಾದಂತೆ ಎಲ್ಲವೂ ಕೆಡುತ್ತಾ ಹೋಗುತ್ತೆ ಅನ್ನುವ ಸರಳ ಕಥೆಗೆ ಇದು ಒಗ್ಗಲ್ಲ ನೋಡಿ. ನನ್ನನ್ನು ಹಿಡಿದು ಕೂರಿಸಿದ್ದು ಅದೇ.

2018ರಲ್ಲಿ ಬಂದ ಒಂದು ಕೆಲಸ ಹುಡುಕಿ ಓದಿ. ಇಲಿಯ ಕಿವಿಗೆ ತೂತು ಮಾಡಿದರೆ ಎಳೆಯ ಇಲಿಯಲ್ಲಿ ಅಂಚಿಗೆ ಕಲೆ ಕಟ್ಟಿ ತೂತು ಹಾಗೇ ಉಳಿಯುತ್ತೆ. ಮುದಿ ಇಲಿಯಲ್ಲಿ ತೂತು ಮುಚ್ಚುತ್ತೆ, ಹೊಸ ಚರ್ಮವೇ ಬರುತ್ತೆ. ಎಳೆಯ ಇಲಿಯ ರಕ್ತ ಮುದಿ ಇಲಿಗೆ ಹರಿಯುವಂತೆ ಮಾಡಿದರೆ ಈ ಅನುಕೂಲ ಹೋಗುತ್ತೆ! ಎಸ್‌ಡಿಎಫ್1 ಅನ್ನೋ ಒಂದು ಸಂಕೇತ ವಯಸ್ಸಾದ ಮೇಲೆ ಚರ್ಮದಲ್ಲಿ ಸರಿಯಾಗಿ ಏಳಲ್ಲ ಅನ್ನೋದು ಅವರು ಕೊಟ್ಟ ಕಾರಣ. "ಎಳೆಯ ರಕ್ತ ಕೊಟ್ಟರೆ ಯೌವನ" ಅಂತ ಸುದ್ದಿ ಮಾಡುವವರು ಇದನ್ನು ಎತ್ತೋದೇ ಇಲ್ಲ. ಪಾಪ, ಅವರಿಗೆ ಇದರಿಂದ ವ್ಯಾಪಾರ ಆಗಲ್ಲ.

ಸರ್ಜನ್ ಆಗಿಯೇ ಇದನ್ನೆಲ್ಲ ಮಾಡಬಹುದಾ? ಮಾಡಿದವರು ಕಣ್ಣ ಮುಂದೆ ಇದ್ದಾರೆ. ಮೈಕೆಲ್ ಲಾಂಗೇಕರ್ ಪ್ಲಾಸ್ಟಿಕ್ ಸರ್ಜನ್. ತರಬೇತಿಯ ನಡುವೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಭ್ರೂಣ ಶಸ್ತ್ರಚಿಕಿತ್ಸೆಯ ಮೈಕೆಲ್ ಹ್ಯಾರಿಸನ್ ಅವರ ಲ್ಯಾಬಿಗೆ ಹೋದರು. ಭ್ರೂಣದ ಗಾಯದಲ್ಲಿ ಕಲೆ ಯಾಕಿಲ್ಲ ಅನ್ನೋ ಪ್ರಶ್ನೆ ಹಿಡಿದವರು ಬಿಡಲೇ ಇಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡಿನ ಅವರ ಗುಂಪು ಇಲಿಯ ಬೆನ್ನಿನಲ್ಲಿ ಕಲೆಯ ಬಹುಪಾಲನ್ನು ನೇಯುವುದು ಫೈಬ್ರೊಬ್ಲಾಸ್ಟ್‌ಗಳ (ಚರ್ಮದ ಒಳಪದರದಲ್ಲಿ ನಾರು ನೇಯುವ ಕೋಶಗಳ) ಒಂದೇ ಕುಲ ಅಂತ ತೋರಿಸಿತು. 2021ರಲ್ಲಿ, ಕಣ್ಣಿನ ಕಾಯಿಲೆಗೆ ಬಳಸುವ ವರ್ಟೆಪೋರ್ಫಿನ್ ಅನ್ನೋ ಹಳೇ ಔಷಧಿ ಹಾಕಿ, ಇಲಿಯ ಗಾಯದಲ್ಲಿ ಕೂದಲು, ಗ್ರಂಥಿ ಸಮೇತ ಚರ್ಮ ವಾಪಸ್ ತಂದರು. ಒಬ್ಬ ಟ್ರೈನಿಯ ಪ್ರಶ್ನೆ ಎಷ್ಟು ವರ್ಷ ಅನ್ನ ಹಾಕಿದೆ ನೋಡಿ.

ಇನ್ನೂ ಹಳೆಯ ಉದಾಹರಣೆ ಜೋಸೆಫ್ ಮರ್ರೆ. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಸೈನಿಕರಿಗೆ ಬೇರೆಯವರ ಚರ್ಮ ಹೊದಿಸುತ್ತಿದ್ದ ಪ್ಲಾಸ್ಟಿಕ್ ಸರ್ಜನ್. ಆ ಚರ್ಮ ಕೆಲವು ದಿನ ಹಿಡಿದು ಆಮೇಲೆ ಯಾಕೆ ಕಳಚುತ್ತೆ ಅನ್ನೋದೇ ಅವರ ಪ್ರಶ್ನೆ. 1954ರ ಡಿಸೆಂಬರ್‌ನಲ್ಲಿ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಮಾಡಿದ್ದು ಅದೇ ಮನುಷ್ಯ. 1990ರಲ್ಲಿ ನೊಬೆಲ್ ಬಂತು. ಚರ್ಮದಿಂದ ಹೊರಟ ಪ್ರಶ್ನೆ ಕಿಡ್ನಿಗೆ ಹೋಗಿ ಮುಟ್ಟಿತು.

ಈಗ ನಮ್ಮ ನಿಜವಾದ ಬಂಡವಾಳದ ಮಾತು. ಮುಪ್ಪನ್ನು ಓದುವ ಜೀವಶಾಸ್ತ್ರಜ್ಞರಿಗೆ ಮನುಷ್ಯರ ಆರೋಗ್ಯವಂತ ಚರ್ಮ ಸಿಗೋದು ಕಷ್ಟ. ನಾವು ಅದನ್ನು ದಿನಾ ಬಕೆಟ್ಟಿಗೆ ಹಾಕುತ್ತೇವೆ. ಫೇಸ್‌ಲಿಫ್ಟ್ ತಗೊಳ್ಳಿ. ಗೆರೆ ಕಿವಿಯ ಸುತ್ತ ಹೋಗುತ್ತೆ. ಕಿವಿಯ ಮುಂದಿನ ಚರ್ಮವನ್ನೂ ಕತ್ತರಿಸುತ್ತೇವೆ, ಹಿಂದಿನದನ್ನೂ ಕತ್ತರಿಸುತ್ತೇವೆ. ಮುಂದಿನದು ಜೀವನವಿಡೀ ಬಿಸಿಲು ಕಂಡಿದೆ. ಹಿಂದಿನದು ನೆರಳಲ್ಲೇ ಇತ್ತು. ಒಂದೇ ಮನುಷ್ಯ, ಒಂದೇ ವಂಶವಾಹಿ, ಒಂದೇ ಹುಟ್ಟಿದ ದಿನ, ಕೆಲವೇ ಸೆಂಟಿಮೀಟರ್ ಅಂತರ. ಇದಕ್ಕಿಂತ ಒಳ್ಳೆಯ ಹೋಲಿಕೆ ಯಾವ ಇಲಿ ಕೊಡುತ್ತೆ? ಎರಡನ್ನೂ ಬಣ್ಣ ಹಾಕಿ ಸ್ಲೈಡ್ ಮಾಡಿ ನೋಡಿ. ಮುಂದಿನ ಚರ್ಮದ ಮೇಲ್ಪದರದ ಕೆಳಗೆ ಬೂದು ನೀಲಿಯ ಮುದ್ದೆ ಕಾಣುತ್ತೆ. ಬಿಸಿಲಿಗೆ ಹಾಳಾದ ಎಲಾಸ್ಟಿನ್ ನಾರು ಅದು. ಹಿಂದಿನದರಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಲಾಸ್ಟಿನನ್ನು ದೇಹ ಚಿಕ್ಕಂದಿನಲ್ಲೇ ಮಾಡಿ ಮುಗಿಸಿರುತ್ತೆ, ಆಮೇಲೆ ಬದಲಾಯಿಸೋದು ತೀರಾ ಕಮ್ಮಿ. ಬರೀ ವಯಸ್ಸು ಏನು ಮಾಡುತ್ತೆ, ಬಿಸಿಲು ಏನು ಮಾಡುತ್ತೆ ಅಂತ ಬಿಡಿಸಿ ನೋಡೋಕೆ ಅಲ್ಲೇ ದಾರಿ.

ನನ್ನ ಲ್ಯಾಬಿನ ಕೆಲಸ ಹೇಗಿರುತ್ತೆ ಅಂತ ಹೇಳಿಬಿಡುತ್ತೇನೆ, ಕನಸು ಕಾಣೋಕೆ ಮುಂಚೆ ಗೊತ್ತಿರಲಿ. ಕಣ್ಣುರೆಪ್ಪೆಯ ಆಪರೇಷನ್‌ನಲ್ಲಿ ತೆಗೆದ ಚರ್ಮದ ಪಟ್ಟಿಯನ್ನು ತಣ್ಣಗಿನ ಮೀಡಿಯಂ (ಕೋಶಗಳನ್ನು ಜೀವಂತ ಇಡುವ ಪೋಷಕ ದ್ರವ) ಇರುವ ಟ್ಯೂಬಿಗೆ ಹಾಕಿ ತರುತ್ತೇವೆ. ಅಡಿಗೆ ಅಂಟಿದ ಕೊಬ್ಬನ್ನು ಕತ್ತರಿಯಲ್ಲಿ ಕೆರೆದು ತೆಗೀಬೇಕು, ಒಂದು ಚೂರೂ ಇರಬಾರದು. ಡಿಸ್ಪೇಸ್ ಅನ್ನೋ ಎನ್‌ಜೈಮಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಟ್ಟರೆ, ಬೆಳಿಗ್ಗೆ ಮೇಲ್ಪದರ ಚಿಮಟಕ್ಕೆ ಒಂದೇ ಹಾಳೆಯಾಗಿ ಎದ್ದು ಬರುತ್ತೆ. ಉಳಿದ ಒಳಪದರವನ್ನು ಚಿಕ್ಕ ಚಿಕ್ಕ ಚೂರು ಮಾಡಿ ಡಿಶ್ಶಿನಲ್ಲಿ ಹರಡಿ, ತಳಕ್ಕೆ ಅಂಟುವವರೆಗೆ ಕಾಯಬೇಕು. ಅವಸರ ಮಾಡಿ ಮೀಡಿಯಂ ಸುರಿದರೆ ಚೂರುಗಳೆಲ್ಲ ತೇಲುತ್ತವೆ, ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ವಾರ ಕಳೆದರೆ ಅಂಚಿನಿಂದ ಫೈಬ್ರೊಬ್ಲಾಸ್ಟ್‌ಗಳು ತೆವಳಿ ಹೊರಗೆ ಬರುತ್ತವೆ. ಎಳೆಯವರ ಕೋಶ ಸಪೂರ, ಉದ್ದ. ಡಿಶ್ ತುಂಬಿದಾಗ ಮೀನಿನ ಹಿಂಡು ಒಟ್ಟಿಗೆ ತಿರುಗಿದ ಹಾಗೆ ಸಾಲು ಹಿಡಿಯುತ್ತವೆ. ಬಹಳ ಸಲ ವಿಭಜನೆಯಾಗಿ ದಣಿದ ಕೋಶ ಅಗಲವಾಗಿ, ಚಪ್ಪಟೆಯಾಗಿ, ಯಾವ ಸಾಲಿಗೂ ಸೇರದೆ ಕೂತಿರುತ್ತೆ.

ಆ ಕೂತ ಕೋಶಗಳೇ ಸೆನೆಸೆಂಟ್ ಕೋಶಗಳು. ವಿಭಜನೆ ನಿಲ್ಲಿಸಿವೆ, ಆದರೆ ಸತ್ತಿಲ್ಲ. ಸುತ್ತಲಿನವರ ತಲೆ ತಿನ್ನುವ ರಾಸಾಯನಿಕಗಳನ್ನು ಸುರಿಸುತ್ತಾ ಇರುತ್ತವೆ. ಇವನ್ನು ಹುಡುಕೋಕೆ 1995ರಿಂದ ಬಂದ ಒಂದು ನೀಲಿ ಬಣ್ಣದ ಪರೀಕ್ಷೆ ಇದೆ. ಪಿಎಚ್ 6 ಸರಿಯಾಗಿ ಇರಬೇಕು, ಆದ್ದರಿಂದ ಡಿಶ್ಶನ್ನು ಕಾರ್ಬನ್ ಡೈಆಕ್ಸೈಡ್ ಇರುವ ಮಾಮೂಲಿ ಇನ್‌ಕ್ಯುಬೇಟರಿಗೆ ಇಡಬೇಡಿ. ಆ ಗ್ಯಾಸಿಗೆ ಪಿಎಚ್ ಬದಲಾಗಿ ಪರೀಕ್ಷೆ ಕೆಡುತ್ತೆ. ಹೊಸಬರಿಗೆ ಇದನ್ನು ಯಾರೂ ಹೇಳಲ್ಲ, ಸುಮ್ನೆ "ಸ್ಟೇನ್ ಹತ್ತಲಿಲ್ಲ" ಅಂತ ಒದ್ದಾಡುತ್ತಾರೆ.

2011ರಲ್ಲಿ ಮೇಯೋ ಕ್ಲಿನಿಕ್‌ನವರು ಬೇಗ ಮುಪ್ಪಾಗುವ ಇಲಿಗಳಲ್ಲಿ ಈ ಕೋಶಗಳನ್ನು ತೆಗೆದು ಹಾಕಿದಾಗ ಮುಪ್ಪಿನ ಕೆಲವು ತೊಂದರೆ ತಡವಾಗಿ ಬಂತು. ಜಗತ್ತೆಲ್ಲಾ ಕುಣಿದಾಡಿತು. ಆದರೆ 2014ರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಇಲಿಯ ಗಾಯದಲ್ಲಿ ಈ ಕೋಶಗಳು ಸ್ವಲ್ಪ ಕಾಲ ತಾವಾಗೇ ಹುಟ್ಟುತ್ತವೆ, ಗಾಯ ಮುಚ್ಚೋಕೆ ನೆರವಾಗುತ್ತವೆ. ತೆಗೆದರೆ ಗಾಯ ನಿಧಾನವಾಗುತ್ತೆ. ಹಾಗಾದರೆ ಇವನ್ನು ಕೊಲ್ಲುವ ಮಾತ್ರೆ ನುಂಗುತ್ತಿರುವ ಒಬ್ಬರು ನಾಳೆ ನನ್ನ ಟೇಬಲ್ ಮೇಲೆ ಮಲಗಿದರೆ ಹೊಲಿಗೆ ಹಿಡಿಯುತ್ತಾ? ಯಾವಾಗ ನಿಲ್ಲಿಸಬೇಕು? ಈ ಪ್ರಶ್ನೆ ಮೊದಲು ಬರೋದು ಸರ್ಜನ್ ತಲೆಗೇ. ಅದಕ್ಕೇ ಕತ್ತರಿ ಸರ್ ಹತ್ತಿರ ನನ್ನ ಜಗಳ. ಓಟಿ ಬಿಟ್ಟರೆ ನನ್ನ ಲ್ಯಾಬಿಗೆ ಪ್ರಶ್ನೆಗಳೇ ಬರಲ್ಲ.

ಪೆಟ್ರಿ ಡಿಶ್:

ನಾನು ಕೋಶ ಜೀವಶಾಸ್ತ್ರದವನು, ಡಾಕ್ಟರ್ ಅಲ್ಲ. ಸೂಜಿದಾರ ಮೇಡಂ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸರ್ಜನ್‌ಗಳ ಆತ್ಮವಿಶ್ವಾಸ ಓಟಿಯಲ್ಲಿ ಒಳ್ಳೆಯದು. ಲ್ಯಾಬಿನಲ್ಲಿ ಅದು ಕಂಟಕ.

ಅಲೆಕ್ಸಿಸ್ ಕ್ಯಾರೆಲ್ ಕಥೆ ಗೊತ್ತಾ? ರಕ್ತನಾಳ ಹೊಲಿಯೋದನ್ನು ಜಗತ್ತಿಗೆ ಕಲಿಸಿದ ಸರ್ಜನ್. 1912ರಲ್ಲಿ ನೊಬೆಲ್ ಬಂತು. ಅದೇ ವರ್ಷ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಕಲ್ಚರಿಗೆ, ಅಂದರೆ ದೇಹದ ಹೊರಗೆ ಲ್ಯಾಬಿನಲ್ಲಿ ಬೆಳೆಸೋಕೆ, ಹಾಕಿದರು. ಆ ಕೋಶಗಳು ವರ್ಷಗಟ್ಟಲೆ ಬೆಳೆದವು, ಅವರು ತೀರಿಕೊಂಡ ಮೇಲೂ 1946ರವರೆಗೆ ಬೆಳೆದವು. "ಕೋಶಕ್ಕೆ ಸಾವಿಲ್ಲ, ಮುಪ್ಪು ಬರೋದು ದೇಹಕ್ಕೆ" ಅಂತ ಎಲ್ಲರೂ ನಂಬಿದರು. ಬೇರೆಯವರ ಕೋಶ ಸತ್ತರೆ ಅವರ ಕೈ ಸರಿ ಇಲ್ಲ ಅಂದುಕೊಳ್ಳುತ್ತಿದ್ದರು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯರ ಫೈಬ್ರೊಬ್ಲಾಸ್ಟ್‌ಗಳು ಸುಮಾರು 50 ಸಲ ವಿಭಜನೆಯಾಗಿ ನಿಲ್ಲುತ್ತವೆ ಅಂತ ತೋರಿಸಿದರು. ಬಹಳ ಸಲ ವಿಭಜನೆಯಾದ ಗಂಡಿನ ಮುದಿ ಕೋಶ, ಹೆಣ್ಣಿನ ಎಳೆಯ ಕೋಶ ಎರಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿ ಬೆಳೆಸಿದರು. ಮುದಿ ಕೋಶ ಮಾತ್ರ ಮಾಯವಾಯಿತು. ಒಂದೇ ಮೀಡಿಯಂ, ಒಂದೇ ಕೈ, ಹಾಗಾಗಿ ಕೈ ಸರಿ ಇಲ್ಲ ಅನ್ನೋ ವಾದಕ್ಕೆ ಜಾಗವೇ ಉಳಿಯಲಿಲ್ಲ. ಕ್ಯಾರೆಲ್ ಕಲ್ಚರಿಗೆ ಹಾಕುತ್ತಿದ್ದ ಭ್ರೂಣದ ರಸದ ಜೊತೆ ಹೊಸ ಕೋಶಗಳೂ ಬಂದು ಸೇರುತ್ತಿದ್ದವು ಅನ್ನೋದು ಈಗ ಹೆಚ್ಚಿನವರ ಅಂದಾಜು. ನೋಡಿ, ಇಡೀ ಕ್ಷೇತ್ರ ಸುಮಾರು ಐವತ್ತು ವರ್ಷ ಒಬ್ಬ ದೊಡ್ಡ ಸರ್ಜನ್ ಹೆಸರಿಗೆ ತಲೆಬಾಗಿ ಕೂತಿತ್ತು.

ಪಿಎಚ್‌ಡಿ ಕಡ್ಡಾಯ ಅಲ್ಲ. ಆದರೆ ಎರಡು ಮೂರು ವರ್ಷ ಬೇರೇನೂ ಇಲ್ಲದೆ ಬೆಂಚಿನ ಮುಂದೆ ಕೂರಬೇಕು. ವಾರಾಂತ್ಯದ ಸಂಶೋಧನೆ ಅಂತ ಒಂದು ಇಲ್ಲ. ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಪ್ರತಿ ಡಿಶ್ ಮೇಲೆ ಎಷ್ಟನೇ ಪ್ಯಾಸೇಜ್, ಅಂದರೆ ತುಂಬಿದ ಡಿಶ್ಶಿನಿಂದ ಹೊಸ ಡಿಶ್ಶಿಗೆ ಕೋಶಗಳನ್ನು ಎಷ್ಟು ಸಲ ಬದಲಾಯಿಸಿದ್ದು, ಅಂತ ಬರೆಯೋದು ಕಲಿಯಿರಿ. ಎಳೆಯವರ ಕೋಶ ಮೂರನೇ ಪ್ಯಾಸೇಜ್, ಮುದುಕರದು ಒಂಬತ್ತನೇ ಪ್ಯಾಸೇಜ್ ಹೋಲಿಸಿ "ವಯಸ್ಸಿನ ವ್ಯತ್ಯಾಸ ಸಿಕ್ಕಿತು" ಅಂತ ಬರೆದ ಲೇಖನ ನನ್ನ ಮೇಜಿಗೆ ಬಂದಿವೆ. ವ್ಯತ್ಯಾಸ ವಯಸ್ಸಿನದಲ್ಲ, ಪ್ಯಾಸೇಜಿನದು.

ಇಲಿ ವಿಷಯದಲ್ಲಿ ಮಾತ್ರ ನಮಗೆ ಸರ್ಜನ್ ಬೇಕೇ ಬೇಕು, ಒಪ್ಪುತ್ತೇನೆ. ಇಲಿಯ ಚರ್ಮದ ಕೆಳಗೆ ತೆಳು ಮಾಂಸದ ಹಾಳೆ ಇದೆ. ಗಾಯ ಆದರೆ ಅದು ಎಳೆದುಕೊಂಡು ಮುಚ್ಚಿಬಿಡುತ್ತೆ. ಮನುಷ್ಯರ ಹಾಗೆ ಹೊಸ ಚರ್ಮ ಬೆಳೆಯೋದನ್ನು ನೋಡಬೇಕಾದರೆ ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿಯಬೇಕು. ನಾನು ಹೊಲಿದ ಉಂಗುರವನ್ನು ಇಲಿಗಳು ರಾತ್ರೋರಾತ್ರಿ ಕಿತ್ತು ಬಿಸಾಕುತ್ತವೆ. ನಮ್ಮ ಸರ್ಜನ್ ಹೊಲಿದದ್ದು ಕೊನೆಯವರೆಗೆ ನಿಲ್ಲುತ್ತೆ.

ಸಂಶಯಪ್ಪ:

ಕ್ಷಮಿಸಿ, ನಾನು ಹೊರಗಿನವನು. ಇದೆಲ್ಲಾ ಕೇಳೋಕೆ ಚೆನ್ನಾಗಿದೆ. ಆದರೆ ಕೊನೆಗೆ ಎಲ್ಲಾ ಹೋಗಿ ನಿಲ್ಲೋದು ದುಡ್ಡಿದ್ದವರ ಮುಖಕ್ಕೆ ಕ್ರೀಮು, ಇಂಜೆಕ್ಷನ್ ಮಾರೋದರಲ್ಲಿ ತಾನೆ? ಪ್ಲಾಸ್ಟಿಕ್ ಸರ್ಜನ್ ಬಾಯಲ್ಲಿ "ಮುಪ್ಪಿನ ಸಂಶೋಧನೆ" ಅಂದರೆ ನನಗೆ ಜಾಹೀರಾತೇ ಕೇಳಿಸುತ್ತೆ.

ಸೂಜಿದಾರ:

ಸಂಶಯಪ್ಪ ಅವರೇ, ನಿಮ್ಮ ಅನುಮಾನಕ್ಕೆ ಕಾರಣ ಇದೆ. ತಪ್ಪು ಅನ್ನಲ್ಲ. ಈ ವೃತ್ತಿಯ ಅತಿ ದೊಡ್ಡ ಗುಂಡಿ ಅದೇ. ತರಬೇತಿ ಮುಗಿಸಿದ ಕೂಡಲೇ ಯಾರೋ ಬಂದು "ನಿಮ್ಮ ಹೆಸರು ಹಾಕ್ತೀವಿ, ಒಂದು ಸೀರಮ್ ಮಾಡೋಣ" ಅನ್ನುತ್ತಾರೆ. ನನಗೂ ಅಂದಿದ್ದಾರೆ. ಲ್ಯಾಬ್ ಇದ್ದರೆ ಇನ್ನೂ ಜಾಸ್ತಿ ಅನ್ನುತ್ತಾರೆ, ಬಿಳಿ ಕೋಟಿನ ಹಿಂದೆ ಮೈಕ್ರೋಸ್ಕೋಪ್ ಕಂಡರೆ ಫೋಟೋ ಚೆನ್ನಾಗಿ ಬರುತ್ತೆ ನೋಡಿ. ನಾನು ಯಾವ ಪದಾರ್ಥ ಪರೀಕ್ಷೆ ಮಾಡುತ್ತೇನೋ ಅದನ್ನು ಮಾರುವವರಿಂದ ಬಿಡಿಗಾಸೂ ತಗೊಳ್ಳಲ್ಲ. ಇದರಿಂದ ಲ್ಯಾಬಿಗೆ ನಷ್ಟ ಆಗಿದೆ. ಆಗಲಿ.

ಇದರಲ್ಲಿ ಆಟವಾಡಿದರೆ ಏನಾಗುತ್ತೆ ಅಂತಲೂ ಗೊತ್ತಿರಲಿ. 2001ರಲ್ಲಿ ಲಾಸ್ ಏಂಜಲೀಸಿನ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಒಂದು ಲ್ಯಾಬಿನಿಂದ ಪೆಟ್ರಿಶಿಯಾ ಝುಕ್ ಮತ್ತು ಜೊತೆಯವರು ಲೈಪೊಸಕ್ಷನ್‌ನಲ್ಲಿ ಹೀರಿ ತೆಗೆದ ಕೊಬ್ಬಿನಲ್ಲಿ ಕಾಂಡಕೋಶಗಳ ಥರದ ಕೋಶಗಳಿವೆ ಅಂತ ತೋರಿಸಿದರು. ಮೂಳೆ, ಮೃದ್ವಸ್ಥಿ, ಸ್ನಾಯು ಎಲ್ಲದರ ಕಡೆಗೂ ಅವು ತಿರುಗಬಲ್ಲವು. ಅದ್ಭುತ ಕೆಲಸ. ರೇಡಿಯೇಷನ್ನಿಗೆ ಗಟ್ಟಿಯಾದ ಎದೆಯ ಚರ್ಮದ ಕೆಳಗೆ ಕೊಬ್ಬು ತುಂಬಿದಾಗ ಚರ್ಮ ಮೆತ್ತಗಾಗೋದನ್ನು ನಾನೇ ಕೈಯಲ್ಲಿ ಮುಟ್ಟಿ ನೋಡಿದ್ದೇನೆ. ಆದರೆ ಅದೇ ಹೆಸರು ಹೇಳಿಕೊಂಡು ಏನೇನೋ ಅಂಗಡಿ ಶುರುವಾದವು. ಅಮೆರಿಕದ ಫ್ಲೋರಿಡಾದಲ್ಲಿ ದೃಷ್ಟಿ ಮಂಜಾಗಿದ್ದ ಮೂವರು ಹೆಂಗಸರ ಎರಡೂ ಕಣ್ಣಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶ ಚುಚ್ಚಿದರು. ದೃಷ್ಟಿ ತೀವ್ರವಾಗಿ ಹಾಳಾಯಿತು. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಬಂತು. ನನ್ನ ಲ್ಯಾಬಿಗೆ ಸೇರುವ ಪ್ರತಿಯೊಬ್ಬರಿಗೂ ಮೊದಲು ಓದಿಸೋದು ಆ ವರದಿಯನ್ನೇ.

ಇನ್ನು ಮುಖದ ವಿಷಯ. ಮುಖ ಅಂದರೆ ಬರೀ ವ್ಯಾಪಾರ ಅಂದುಕೊಳ್ಳಬೇಡಿ, ಅಲ್ಲೂ ಗಟ್ಟಿ ಕೆಲಸ ಇದೆ. ಬಾಹ್ಮನ್ ಗುಯುರಾನ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ಒಹಾಯೋದ ಟ್ವಿನ್ಸ್‌ಬರ್ಗ್ ಊರಿನ ಅವಳಿಗಳ ಹಬ್ಬಕ್ಕೆ ಕ್ಯಾಮೆರಾ ಹಿಡಿದು ಹೋದರು. ಜಗತ್ತಿನ ಅವಳಿಗಳೆಲ್ಲ ಒಂದೇ ಕಡೆ ಸೇರುವ ಜಾಗ. ತಲೆ ಇರೋದು ಅಂದರೆ ಇದು! 2009ರಲ್ಲಿ ಬಂದ ಲೇಖನದಲ್ಲಿ 186 ಜೋಡಿ. ವಂಶವಾಹಿ ಒಂದೇ, ಹಾಗಾದರೆ ಒಬ್ಬರು ಜಾಸ್ತಿ ವಯಸ್ಸಾದವರ ಹಾಗೆ ಕಂಡರೆ ಕಾರಣ ಬದುಕಿನಲ್ಲೇ ಇರಬೇಕು. ಸಿಗರೇಟು, ಬಿಸಿಲು ಇದ್ದೇ ಇದ್ದವು. ತಮಾಷೆ ಅಂದರೆ ತೂಕ. ನಲವತ್ತರ ಒಳಗೆ ದಪ್ಪ ಇರುವ ಅವಳಿ ವಯಸ್ಸಾದಂತೆ ಕಂಡರು. ನಲವತ್ತು ದಾಟಿದ ಮೇಲೆ ದಪ್ಪ ಇರುವವರೇ ಎಳೆಯರಾಗಿ ಕಂಡರು! ಮುಖದ ಕೊಬ್ಬು ಕರಗೋದೇ ಮುಪ್ಪಿನ ದೊಡ್ಡ ಪಾಲು ಅಂತ ಅದರಿಂದ ಎಷ್ಟೋ ಜನರಿಗೆ ಮನದಟ್ಟಾಯಿತು.

ವ್ಯಾಲ್ ಲ್ಯಾಂಬ್ರೋಸ್ ಅನ್ನೋ ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ ಮಾಡಿದ್ದು ಇನ್ನೂ ಸರಳ. ರೋಗಿಗಳ ಹಳೇ ಫೋಟೋ, ಹೊಸ ಫೋಟೋ ಒಂದರ ಮೇಲೊಂದು ಕೂರಿಸಿ ನೋಡಿದರು. ಕೆನ್ನೆ ಜೋತು ಬೀಳುತ್ತೆ ಅಂತ ನಾವೆಲ್ಲ ಓದಿದ್ದೆವಲ್ಲ, ಆದರೆ ಕೆನ್ನೆ ಮೇಲಿನ ಮಚ್ಚೆಗಳು ಹೆಚ್ಚು ಕಡಿಮೆ ಅಲ್ಲೇ ಇದ್ದವು. 2011ರಲ್ಲಿ 60 ಗಂಡಸರು, 60 ಹೆಂಗಸರ ಮುಖದ ಸಿಟಿ ಸ್ಕ್ಯಾನ್ ಅಳೆದವರು ಇನ್ನೂ ಆಳಕ್ಕೆ ಹೋದರು. ವಯಸ್ಸಾದಂತೆ ಕಣ್ಣಿನ ಗೂಡಿನ ಬಾಯಿ ದೊಡ್ಡದಾಗುತ್ತೆ, ಮೇಲ್ದವಡೆ ಹಿಂದೆ ಸರಿಯುತ್ತೆ. ಅಂದರೆ ಮೂಳೆಯೇ ಕುಗ್ಗುವಾಗ ಮೇಲಿನ ಚರ್ಮವನ್ನಷ್ಟೇ ಎಳೆದು ಏನು ಬಂತು? ಅತಿಯಾಗಿ ಎಳೆದ ಮುಖಗಳು ಯಾಕೆ ವಿಚಿತ್ರವಾಗಿ ಕಾಣುತ್ತವೆ ಅಂತ ನಿಮಗೆ ಗೊತ್ತಾಗಿರಬೇಕಲ್ಲ. ಇದರಲ್ಲಿ ಜಾಹೀರಾತು ಎಲ್ಲಿದೆ ಹೇಳಿ. ಕಂಪನಿಗಳಿಗೆ ಇದೆಲ್ಲ ಬೇಡದ ಸುದ್ದಿ, ಯಾವ ಕ್ರೀಮೂ ಮೂಳೆಗೆ ಇಳಿಯಲ್ಲ.

ಯಾವ ಕ್ರೀಮ್ ಹಚ್ಚಲಿ ಅಂತ ಮುಂದಿನ ಪ್ರಶ್ನೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ: ಬಿಸಿಲಿಗೆ ಸನ್‌ಸ್ಕ್ರೀನ್, ರಾತ್ರಿಗೆ ವೈದ್ಯರು ಬರೆದುಕೊಟ್ಟರೆ ಟ್ರೆಟಿನೋಯಿನ್ ಅನ್ನೋ ವಿಟಮಿನ್ ಎ ಥರದ ಔಷಧಿ. ಇವೆರಡಕ್ಕೆ ಆಧಾರ ಗಟ್ಟಿ ಇದೆ. ಅಂಗ ಕಸಿಯಾದವರಿಗೆ ಕೊಡುವ ರಾಪಾಮೈಸಿನ್ ಅನ್ನೋ ಔಷಧಿಯ ಮುಲಾಮನ್ನು ಕೈಗೆ ಹಚ್ಚಿ ನೋಡಿದ ಚಿಕ್ಕ ಪ್ರಯೋಗವೊಂದು 2019ರಲ್ಲಿ ಬಂತು, ಚರ್ಮದಲ್ಲಿ ಪಿ16 ಅನ್ನೋ ಮುಪ್ಪಿನ ಗುರುತು ಕಡಿಮೆಯಾಯಿತು. ಕುತೂಹಲ ಇದೆ, ಆದರೆ ಬೆರಳೆಣಿಕೆಯ ಜನರ ಮೇಲೆ ನಡೆದದ್ದು. ಯಾರಿಗೂ ಬರೆದುಕೊಟ್ಟಿಲ್ಲ.

ನಿದ್ದೆಗೆಟ್ಟ ರೆಸಿಡೆಂಟ್:

ಸೂಜಿದಾರ ಮೇಡಂ, ಪೆಟ್ರಿ ಡಿಶ್ ಸರ್, ತುಂಬಾ ಥ್ಯಾಂಕ್ಸ್. ಕತ್ತರಿ ಸರ್ ಹೇಳಿದ್ದೂ ತಲೆಯಲ್ಲಿದೆ. ಎರಡೇ ಪ್ರಶ್ನೆ. ಮೇಡಂ, ನಿಮ್ಮ ವಾರ ನಿಜವಾಗಿ ಹೇಗಿರುತ್ತೆ? ಲ್ಯಾಬಿಗೆ ಹೋಗೋಕೆ ಇನ್ನೂ ಸಮಯ ಇದೆ, ಅಲ್ಲಿಯವರೆಗೆ ರೆಸಿಡೆಂಟ್ ಆಗಿದ್ದೇ ಏನು ಶುರು ಮಾಡಬಹುದು? ಕೈಯಲ್ಲಿ ದುಡ್ಡೂ ಇಲ್ಲ, ಟೈಮೂ ಇಲ್ಲ.

ಸೂಜಿದಾರ:

ವಾರದ ಬಗ್ಗೆ ಸತ್ಯ ಹೇಳುತ್ತೇನೆ. ಕಾಗದದ ಮೇಲೆ ಅರ್ಧ ಅರ್ಧ. ನಿಜದಲ್ಲಿ ಓಟಿ ಯಾವಾಗಲೂ ಲ್ಯಾಬನ್ನು ತಿನ್ನುತ್ತೆ. ಫ್ಲ್ಯಾಪ್ ನೀಲಿ ಬಣ್ಣಕ್ಕೆ ತಿರುಗಿದರೆ ಅವತ್ತಿನ ಪ್ರಯೋಗ ಕಸದ ಬುಟ್ಟಿಗೆ. ಅದಕ್ಕೆ ಕೆಲಸ ಸೇರುವಾಗಲೇ ಲ್ಯಾಬಿನ ದಿನಗಳನ್ನು ಬರವಣಿಗೆಯಲ್ಲಿ ಬರೆಸಿಕೊಳ್ಳಿ. "ಆಮೇಲೆ ನೋಡೋಣ" ಅಂದರೆ ಆ ದಿನಗಳು ಎಂದೂ ಬರಲ್ಲ. ಕತ್ತರಿ ಸರ್ ಹೇಳಿದ ಅರ್ಧ ನಿಜ ಇಲ್ಲಿದೆ. ನಾನು ಎಲ್ಲಾ ಥರದ ಆಪರೇಷನ್ ಮಾಡಲ್ಲ. ಗಾಯ, ಗ್ರಾಫ್ಟ್, ರೆಪ್ಪೆ, ಮುಖ, ಅಷ್ಟೇ. ಕೈಯ ಸೂಕ್ಷ್ಮ ಕೆಲಸ ಪೂರ್ತಿ ಬಿಟ್ಟೆ. ಚೆನ್ನಾಗಿ ಮಾಡುತ್ತಿದ್ದೆ, ಬಿಡುವಾಗ ಸಂಕಟ ಆಯಿತು. ಆದರೆ ನಾಲ್ಕು ಆಪರೇಷನ್ ಚೆನ್ನಾಗಿ ಮಾಡುವ ಸರ್ಜನ್ನಿಗೆ ಲ್ಯಾಬ್ ನಡೆಸೋಕೆ ಆಗುತ್ತೆ. ನಲವತ್ತು ಮಾಡುವವರಿಗೆ ಆಗಲ್ಲ.

ಹೊಟ್ಟೆಪಾಡು: ನಿಮ್ಮ ಬ್ಯಾಚಿನವರಿಗಿಂತ ಕಡಿಮೆ ಸಿಗುತ್ತೆ. ಹೊಟ್ಟೆಗೆ ಬಟ್ಟೆಗೆ ಕಡಿಮೆ ಇಲ್ಲ. ಗ್ರಾಂಟ್ ಅರ್ಜಿ ಬರೆಯೋದರಲ್ಲೇ ರಾತ್ರಿ ಕಳೆಯುತ್ತವೆ, ಹೆಚ್ಚಿನವು ತಿರಸ್ಕಾರ ಆಗಿ ವಾಪಸ್ ಬರುತ್ತವೆ. ಮುಪ್ಪಿನ ಸಂಶೋಧನೆಗೆ ಹಣ ಕೊಡುವವರಿಗೆ ಸರ್ಜನ್‌ಗಳು ಬೇಕು ಅನ್ನೋದು ಮಾತ್ರ ಸಮಾಧಾನದ ವಿಷಯ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್ ಈ ಕಡೆ ಬರುವ ಹೊಸ ಸರ್ಜನ್, ತಜ್ಞ ವೈದ್ಯರಿಗಾಗಿಯೇ ಜೆಮ್‌ಸ್ಟಾರ್ ಅಂತ ಒಂದು ಗ್ರಾಂಟ್ ತಂದಿತ್ತು.

ಈಗಲೇ ಮಾಡಬಹುದಾದದ್ದು ಫೋಟೋ. ದುಡ್ಡು ಬೇಡ. ಪ್ರತಿ ಗಾಯಕ್ಕೂ ಒಂದೇ ದೂರ, ಒಂದೇ ಬೆಳಕು, ಪಕ್ಕದಲ್ಲಿ ಅಳತೆ ಪಟ್ಟಿ, ಹಿಂದೆ ಒಂದೇ ಬಣ್ಣದ ಬಟ್ಟೆ. ರೋಗಿಯ ವಯಸ್ಸು, ಸಕ್ಕರೆ ಕಾಯಿಲೆ, ಸಿಗರೇಟು, ಸ್ಟೀರಾಯ್ಡ್ ಬರೆದಿಡಿ. ಗ್ರಾಫ್ಟ್ ತೆಗೆದ ಜಾಗ ಇದಕ್ಕೆ ಚಿನ್ನದಂಥದ್ದು, ಯಾಕಂದ್ರೆ ಆ ಗಾಯದ ಆಳ ನೀವೇ ಡರ್ಮಟೋಮಿನಲ್ಲಿ ಇಟ್ಟಿದ್ದು, ಯಾವ ದಿನ ಆಯಿತು ಅಂತಲೂ ಗೊತ್ತು. ಅಪಘಾತದ ಗಾಯದಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ? ಶುರು ಮಾಡುವ ಮುಂಚೆ ನೈತಿಕ ಸಮಿತಿಯ ಅನುಮತಿ ತಗೊಳ್ಳಿ. ತಗೊಳ್ಳದೆ ಕೂಡಿಟ್ಟ ಫೋಟೋ ಎಷ್ಟಿದ್ದರೂ ಪ್ರಕಟಿಸೋಕೆ ಬರಲ್ಲ.

ಗುರುವನ್ನು ಆರಿಸುವಾಗ ಅವರ ಹೆಸರು ನೋಡಬೇಡಿ, ಅವರ ಹತ್ತಿರ ಇದ್ದ ಟ್ರೈನಿಗಳು ಈಗ ಎಲ್ಲಿದ್ದಾರೆ ಅಂತ ನೋಡಿ. ಒಬ್ಬ ಸರ್ಜನ್ ಗುರು, ಒಬ್ಬ ಜೀವಶಾಸ್ತ್ರದ ಗುರು, ಇಬ್ಬರೂ ಬೇಕು. ಪೆಟ್ರಿ ಡಿಶ್ ಅವರ ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳುವವರಾದರೆ ಇನ್ನೂ ಒಳ್ಳೆಯದು.

ಹಳೇ ಕತ್ತರಿ:

ಮೇಡಂ, ನಾನು ಸಂಶೋಧನೆ ಮಾಡುವವನಲ್ಲ. ಆದರೆ ನಮ್ಮಲ್ಲಿ ರೆಪ್ಪೆ, ಕಿವಿಯ ಸುತ್ತಿನ ಚರ್ಮ ಬೇಕಾದಷ್ಟು ಬಿಸಾಡ್ತೀವಿ. ಈ ಹುಡುಗನಿಗೋ ಇನ್ಯಾರಿಗೋ ಉಪಯೋಗ ಆಗೋದಾದರೆ ಒಪ್ಪಿಗೆ ಪತ್ರದಲ್ಲಿ ಏನು ಬರೆಸಬೇಕು?

ಪೆಟ್ರಿ ಡಿಶ್:

ಇದಕ್ಕೆ ನಾನು ಹೇಳುತ್ತೇನೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಹೆಂಗಸಿನ ಕೋಶಗಳನ್ನು ಕೇಳದೇ ತಗೊಂಡು ಬೆಳೆಸಿದ್ದಕ್ಕೆ ಇವತ್ತಿಗೂ ನಮ್ಮ ಕ್ಷೇತ್ರ ತಲೆ ತಗ್ಗಿಸುತ್ತೆ. ಹಾಗಾಗಿ "ಉಳಿದ ಚರ್ಮ ಸಂಶೋಧನೆಗೆ" ಅಂತ ಒಂದೇ ಸಾಲು ಸಾಲದು. ಕೋಶ ಬೆಳೆಸಿ ವರ್ಷಗಟ್ಟಲೆ ಇಡುತ್ತೇವೆ, ವಂಶವಾಹಿ ಓದಬಹುದು, ಬೇರೆ ಲ್ಯಾಬಿಗೆ ಕಳಿಸಬಹುದು, ಬೇಡ ಅಂತ ಯಾವಾಗ ಹೇಳಿದರೂ ನಿಲ್ಲಿಸುತ್ತೇವೆ, ಇಷ್ಟೂ ಬೇರೆ ಬೇರೆ ಬರೆಸಿ. ಪ್ರತಿಯೊಂದಕ್ಕೂ ಬೇರೆ ಸಹಿ.

ಸೂಜಿದಾರ:

ಆಪರೇಷನ್ ಬೆಳಿಗ್ಗೆ, ಟ್ರಾಲಿ ಮೇಲೆ ಮಲಗಿದ್ದಾಗ ಸಹಿ ಹಾಕಿಸಬೇಡಿ ಸರ್. ಮೊದಲ ಭೇಟಿಯಲ್ಲೇ ಕೇಳಿ, ಮನೆಗೆ ತಗೊಂಡು ಹೋಗಿ ಓದಲಿ. ಆಮೇಲೆ ಟ್ಯೂಬ್ ಮೇಲೆ ಹೆಸರು ಬೇಡ, ಬರೀ ಕೋಡ್, ವಯಸ್ಸು, ಜಾಗ. ಕಿವಿಯ ಮುಂದಿನದೋ ಹಿಂದಿನದೋ ಅಂತ ನರ್ಸ್ ಕೈಯಲ್ಲಿ ಅಲ್ಲೇ ಬರೆಸಿ, ಎರಡೂ ಒಂದೇ ಟ್ಯೂಬಿಗೆ ಬಿದ್ದರೆ ಎರಡೂ ವ್ಯರ್ಥ. ಮೀಡಿಯಂ ತುಂಬಿದ ಟ್ಯೂಬ್‌ಗಳು ನನ್ನ ಹತ್ತಿರ ಇವೆ. ಮೆಸೇಜ್ ಹಾಕಿ, ಕಳಿಸುತ್ತೇನೆ.